ನಾಲಿಗೆಯ ಕೆಳಗೆ

ಎದುರಿಗೆ ಬಂದವರ ಕಣ್ಣಿನ ಕೆಳರೆಪ್ಪೆ ನೋಡುವ ಚಟ ಲಕ್ಷ್ಮಣನಿಗೆ ಯಾವಾಗ ಅಂಟಿಕೊಂಡಿತೋ ಅವನಿಗೇ ನೆನಪಿಲ್ಲ. ಖಾನಾಪುರದ ಬಸ್ ನಿಲ್ದಾಣದಲ್ಲಿ ಬೆಳಗಾವಿಯ ಬಸ್ಸಿಗೆ ಕಾಯುತ್ತ ನಿಂತಾಗಲೂ ಅವನು ಅದನ್ನೇ ಮಾಡುತ್ತಿದ್ದ. ಬಗ್ಗಿ ಬುಟ್ಟಿ ಸರಿಮಾಡಿಕೊಳ್ಳುತ್ತಿದ್ದ ಹೂವಿನವಳ ಕಣ್ಣು, ನಿದ್ದೆಗಣ್ಣುಜ್ಜಿಕೊಳ್ಳುತ್ತಿದ್ದ ಕಂಡಕ್ಟರನ ಕಣ್ಣು, ತಾಯಿಯ ಹೆಗಲ ಮೇಲೆ ಅಳುತ್ತಿದ್ದ ಕೂಸಿನ ಕಣ್ಣು, ಎಲ್ಲರದ್ದೂ ಕೆಂಪಗಿತ್ತು. ಊರಿಗೆ ಊರೇ ಮೈತುಂಬ ರಕ್ತ ಇಟ್ಟುಕೊಂಡು ಓಡಾಡುತ್ತಿದೆ ಅನ್ನಿಸಿ ಅವನಿಗೆ ವಿನಾಕಾರಣ ಸಿಟ್ಟು ಬಂತು. ಪಕ್ಕದ ಸಿಮೆಂಟು ಬೆಂಚಿನ ಮೇಲೆ ಕೂತಿದ್ದ ಮಗಳು ತ್ರಿವೇಣಿಯ ಕಣ್ಣನ್ನು ಮಾತ್ರ ಅವನು ನೋಡಲಿಲ್ಲ. ನೋಡುವುದೇನು, ಗೊತ್ತೇ ಇದೆ, ನೆನೆದ ಅವಲಕ್ಕಿಯ ಬಣ್ಣ. ಪಿಯುಸಿ ಎರಡನೇ ವರ್ಷದ ಹುಡುಗಿ ಚಳಿಗೆ ಅವ್ವನ ಶಾಲು ಹೊದ್ದುಕೊಂಡು, ಎರಡು ಕೈಗಳನ್ನು ಹೊಟ್ಟೆಯ ಹತ್ತಿರ ಮಡಚಿಕೊಂಡು ಮುದುಕಿಯ ಹಾಗೆ ಕೂತಿದ್ದಳು. ಬಸ್ಸು ಬಂದಾಗ ಅವನು ಕೈ ಕೊಡಲು ಹೋದ. ಅವಳು ಅದನ್ನು ಕಾಣದವಳಂತೆ ಬಾಗಿಲಿನ ಸರಳು ಹಿಡಿದು ಹತ್ತಿ, ಕಿಟಕಿಯ ಸೀಟಿನಲ್ಲಿ ಕೂತು ಏದುಸಿರು ಬಿಟ್ಟಳು.

ಕುರಿಯ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಎಳೆದು ನೋಡುವುದನ್ನು ಅವನಿಗೆ ಕಲಿಸಿದ್ದು ಅಪ್ಪ. ತಾಲ್ಲೂಕಿನ ಪೂರ್ವದ ಬಯಲು ಕಡೆ ಅವರ ಊರು. ಮನೆಯಲ್ಲಿ ಮನುಷ್ಯರಿಗಿಂತ ಕುರಿಗಳ ಆರೈಕೆಯೇ ಹೆಚ್ಚು. ರೆಪ್ಪೆಯ ಒಳಗೆ ಕೆಂಪಿದ್ದರೆ ಕುರಿ ಸುಖವಾಗಿದೆ, ಬಿಳುಪಿದ್ದರೆ ಹೊಟ್ಟೆಯಲ್ಲಿ ಹುಳ ರಕ್ತ ಹೀರುತ್ತಿದೆ, ಗೊಟ್ಟ ಹಾಕು. ಗೊಟ್ಟ ಅಂದರೆ ತುದಿಯನ್ನು ಓರೆಯಾಗಿ ಕೊಯ್ದು ನುಣುಪು ಮಾಡಿದ ಬಿದಿರಿನ ನಳಿಗೆ. ಔಷಧಿಯನ್ನು ಅದರಲ್ಲಿ ತುಂಬಿ, ಕುರಿಯ ತಲೆಯನ್ನು ಕಂಕುಳಿಗೆ ಒತ್ತಿ ಹಿಡಿದು, ಬಾಯಿಯ ಮೂಲೆಯಲ್ಲಿ ಹಲ್ಲಿಲ್ಲದ ಜಾಗಕ್ಕೆ ಹೆಬ್ಬೆರಳು ತೂರಿಸಿದರೆ ಬಾಯಿ ತಾನೇ ತೆರೆಯುತ್ತದೆ. ಸುರಿದ ಮೇಲೆ ಗಂಟಲನ್ನು ಮೇಲಿನಿಂದ ಕೆಳಕ್ಕೆ ಸವರಬೇಕು, ಆಗ ಕುರಿಗೆ ನುಂಗದೆ ಗತ್ಯಂತರವಿಲ್ಲ. ಲಕ್ಷ್ಮಣ ಕುರಿ ಬಿಟ್ಟು, ಬೆಳಗಾವಿಯ ಫೌಂಡ್ರಿ ಸೇರಿ, ಮದುವೆಯಾಗಿ, ಮಗಳು ಕಾಲೇಜಿಗೆ ಹೋಗುವಷ್ಟು ಕಾಲವಾಗಿತ್ತು. ಆದರೆ ಕೈ ಏನನ್ನೂ ಮರೆತಿರಲಿಲ್ಲ. ದೀಪಾವಳಿಯ ಮುಂದೆ ಊರಿಗೆ ಹೋದಾಗ ಅಣ್ಣ ಗುರುಸಿದ್ದ ಅಂಗಳದಲ್ಲಿ ನಿಂತಿದ್ದ ತ್ರಿವೇಣಿಯ ಗದ್ದ ಹಿಡಿದು, ಹೆಬ್ಬೆರಳಿನಿಂದ ರೆಪ್ಪೆ ಎಳೆದು ನೋಡಿ, "ಏ ಲಕ್ಷ್ಮಣ, ಖಾನಾಪುರದಾಗ ಡಾಕ್ಟರಗೋಳು ಏನ ನೋಡತಾರಲೇ? ಹುಡಿಗಿ ಹೊಟ್ಟಿ ತುಂಬ ಹುಳ ಅದಾವು" ಅಂದಿದ್ದ. ಒಳಗಿನಿಂದ ಕುರಿಯ ಔಷಧದ ಡಬ್ಬಿ ಬಂತು. ಸುಣ್ಣದ ತಿಳಿಯಂಥ ಬಿಳಿ ನೀರು. ಹುಡುಗಿ ಒಲ್ಲೆ ಅಂದಳು. ಓಡಲು ಹೋದಳು. ಓಡುವ ಶಕ್ತಿಯಾದರೂ ಎಲ್ಲಿತ್ತು? ಅಣ್ಣನಲ್ಲ, ಹೆಂಡತಿಯಲ್ಲ, ಅವನೇ ಅವಳ ತಲೆಯನ್ನು ಕಂಕುಳಿಗೆ ಒತ್ತಿಕೊಂಡ, ಅವನೇ ಬಾಯಿಯ ಮೂಲೆಗೆ ಹೆಬ್ಬೆರಳು ಇಟ್ಟ. ಮನುಷ್ಯರಿಗೆ ಅಲ್ಲಿ ಹಲ್ಲಿರುತ್ತದೆ ಅನ್ನುವುದು ಕಚ್ಚಿಸಿಕೊಂಡ ಮೇಲೆ ತಿಳಿಯಿತು. ಆದರೂ ಬಿಡಲಿಲ್ಲ. ಗಂಟಲು ಸವರಿದ. ಬೆರಳಿನ ಕೆಳಗೆ ಒಂದು ಗುಟುಕು ಇಳಿದದ್ದು ಈಗಲೂ ಗೊತ್ತಾಗುತ್ತದೆ.

"ಅಪ್ಪಾ, ಇವತ್ತೂ ಪೈಪ ಹಾಕತಾರೇನು?" ತ್ರಿವೇಣಿ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದಳು.

"ಇಲ್ಲವ್ವಾ. ಇವತ್ತ ಬರೇ ಹೇಳತಾರ."

"ಏನಂತ ಹೇಳತಾರ?"

ಏನಂತ ಹೇಳುತ್ತಾರೆ ಅನ್ನುವುದನ್ನು ಅವನು ಹೋದ ಸಲ ಆಸ್ಪತ್ರೆಯಿಂದ ಬಂದಾಗಿನಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅಂದು ಬಾಯಿಂದ ಹೊಟ್ಟೆಗೆ ಕ್ಯಾಮೆರಾ ಇಳಿಸಿ ನೋಡಿದ ಡಾಕ್ಟರ್ ಹೊರಗೆ ಬಂದು, "ಹೊಟ್ಟಿ ಒಳಗ ಎಲ್ಲಾ ಕಡೆ ಗುಳ್ಳಿ ಗುಳ್ಳಿ ಎದ್ದಾವು. ಸಣ್ಣ ಸಣ್ಣ ಚೂರ ತಗದು ಟೆಸ್ಟಿಗೆ ಕಳಸೀವಿ" ಅಂದಿದ್ದರು. ಆಮೇಲೆ, ಎಲ್ಲರನ್ನೂ ಕೇಳುವ ಹಾಗೆ, "ಬ್ಯಾರೆ ಏನರ ಔಷಧ ಕೊಟ್ಟಿದ್ದಿರೇನು? ನಾಟಿ ಔಷಧ, ಗಿಡಮೂಲಿಕಿ?" ಅಂತ ಕೇಳಿದ್ದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ಲಕ್ಷ್ಮಣ ತನ್ನ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು, "ಇಲ್ರಿ, ಏನೂ ಇಲ್ರಿ" ಅಂದುಬಿಟ್ಟಿದ್ದ. ಅರೆ ಮಂಪರಿನಲ್ಲಿ ಮಂಚದ ಮೇಲೆ ಮಲಗಿದ್ದ ತ್ರಿವೇಣಿ ಕಣ್ಣು ತೆರೆದು ಅವನನ್ನು ನೋಡಿ ಮತ್ತೆ ಮುಚ್ಚಿದಳು. ಗುಳ್ಳೆ ಎದ್ದದ್ದು ಆ ಬಿಳಿ ನೀರಿನಿಂದಲೇ. ಇನ್ನಾವುದರಿಂದ? ನಾಲ್ಕು ಹೊಟ್ಟೆಯಿರುವ ಪ್ರಾಣಿಯ ಔಷಧವನ್ನು ಒಂದೇ ಹೊಟ್ಟೆಯ ಹುಡುಗಿಗೆ ಸುರಿದರೆ ಸುಡದೆ ಇರುತ್ತದೆಯೇ? ಇವತ್ತು ಡಾಕ್ಟರ್ ಅದನ್ನು ಹೇಳುತ್ತಾರೆ. ಹೇಳದಿದ್ದರೆ ತಾನೇ ಹೇಳಬೇಕು, ಇಲ್ಲದಿದ್ದರೆ ಅವರು ಯಾವುದೋ ರೋಗಕ್ಕೆ ಯಾವುದೋ ಮದ್ದು ಕೊಟ್ಟಾರು, ಹುಡುಗಿ ಕೈಬಿಟ್ಟು ಹೋದಾಳು. ಹೇಳಿದರೆ? ಅವರು ಕಿರಿಯ ಡಾಕ್ಟರುಗಳನ್ನೆಲ್ಲ ಕರೆದು, ನೋಡ್ರಿ, ಮಗಳಿಗೆ ಗೊಟ್ಟ ಹಾಕಿದ ಅಪ್ಪ ಇವನೇ ಅಂತ ತೋರಿಸುವುದು ಅವನ ಕಣ್ಣಿಗೆ ಕಟ್ಟಿತು.

ಉದ್ಯಮಬಾಗ ದಾಟುವಾಗ ಅಭ್ಯಾಸಬಲದಿಂದ ಎದ್ದು ನಿಂತ. ದಿನವೂ ಇಳಿಯುವ ಜಾಗ. ಮತ್ತೆ ಕೂತ. ಅವನು ಕೆಲಸ ಮಾಡುವ ಫೌಂಡ್ರಿಯಲ್ಲಿ ಕಬ್ಬಿಣ ನೀರಾಗಿ ಹರಿಯುತ್ತದೆ. ಮಣ್ಣಿನ ಅಚ್ಚಿಗೆ ಅದನ್ನು ಸುರಿಯುವವರಲ್ಲಿ ಅವನೂ ಒಬ್ಬ. ಸಂಜೆ ಮೂಗು ಸೀನಿದರೆ ಕರ್ರಗೆ ಬರುತ್ತದೆ, ಉಗುರಿನ ಸಂದಿಯ ಕಪ್ಪು ಯಾವ ಸಾಬೂನಿಗೂ ಜಗ್ಗುವುದಿಲ್ಲ. ಮಗಳ ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾಗಿದೆ ಅಂದಾಗ ಮೇಸ್ತ್ರಿ ಗಜಾನನ ನಕ್ಕು, "ಕಾಯ್ ರೇ ಲಕ್ಷ್ಮಣ, ಮಂದಿಗೆಲ್ಲಾ ಕಬ್ಬಿಣ ಎರಕಾ ಹೊಯ್ಯಾವ ನೀ, ನಿನ್ನ ಮನ್ಯಾಗ ಬರಗಾಲ! ಹೋಗಬೇಕಾದ್ರ ಒಂದು ಬುಟ್ಟಿ ಕಬ್ಬಿಣದ ಪುಡಿ ಒಯ್ಯಿ" ಅಂದಿದ್ದ. ಸುತ್ತಲಿದ್ದವರು ನಕ್ಕರು. ಲಕ್ಷ್ಮಣನೂ ನಕ್ಕ. ನಗುವುದು ಬಿಟ್ಟು ಬೇರೆ ಏನು ಮಾಡಲಿಕ್ಕಾಗುತ್ತಿತ್ತು? ಆದರೆ ಅಂದು ಸಂಜೆ ಮನೆಗೆ ಹೋಗಿ, ಖಾನಾಪುರದ ಡಾಕ್ಟರ್ ಬರೆದುಕೊಟ್ಟಿದ್ದ ಗುಳಿಗೆಗಳನ್ನು ಮಗಳು ಸರಿಯಾಗಿ ನುಂಗುತ್ತಿಲ್ಲ ಅಂತ ಕೂಗಾಡಿದ. ಮಳೆಗಾಲದ ಮೊದಲಿನಿಂದ ಗುಳಿಗೆ ತಂದು ಕೊಡುತ್ತಿದ್ದಾನೆ, ರಕ್ತ ಏಳರ ಮೇಲೆ ಏರುವುದಿಲ್ಲ ಅಂದರೆ ಏನರ್ಥ? ನುಂಗುತ್ತಿಲ್ಲ ಅಂತ ತಾನೇ? "ನುಂಗತೇನಪಾ, ಖರೇನ ನುಂಗತೇನಿ" ಅಂತ ಅವಳು ಅತ್ತಳು. ಅತ್ತರೆ ಅವನ ಅನುಮಾನ ಹೆಚ್ಚಾಗುತ್ತಿತ್ತು. ಒಮ್ಮೆ ಮಂಚದ ಕೆಳಗೆ ಕಸ ಗುಡಿಸುವಾಗ ಒಂದು ಗುಳಿಗೆ ಸಿಕ್ಕಿತು. ಬಣ್ಣ ಬಿಟ್ಟು ಒದ್ದೆಯಾಗಿ ಮತ್ತೆ ಒಣಗಿದ್ದು. "ಅವತ್ತ ಹೊಟ್ಟಿ ಭಾಳ ಕಡಿಯಾಕತ್ತಿತ್ತು, ವಾಂತಿ ಆಗತೇತಿ ಅಂತ ಉಗಳಿದೆ, ಅದೊಂದೇ" ಅಂದಳು. ಕಳ್ಳತನ ಸಿಕ್ಕಿತು ಅನ್ನುವ ಹಾಗೆ ಅವನಿಗೆ ಒಂದು ಥರದ ಸಮಾಧಾನವೇ ಆಯಿತು. ರೋಗಕ್ಕೆ ಏನು ಮಾಡಬೇಕೆಂದು ಗೊತ್ತಾಗುತ್ತಿರಲಿಲ್ಲ, ಕಳ್ಳತನಕ್ಕೆ ಗೊತ್ತಿತ್ತು.

ಅಂದಿನಿಂದ ರಾತ್ರಿ ಊಟವಾದ ಮೇಲೆ ಅವಳು ಅವನೆದುರು ನಿಂತು ಗುಳಿಗೆ ನುಂಗಬೇಕು. ನೀರು ಕುಡಿದು ಬಾಯಿ ತೆರೆಯಬೇಕು. ನಾಲಿಗೆ ಎತ್ತಬೇಕು. ಅವನು ಬಲ್ಬಿನ ಬೆಳಕಿಗೆ ಅವಳ ಮುಖ ತಿರುಗಿಸಿ, ನಾಲಿಗೆಯ ಕೆಳಗೆ, ಗಲ್ಲದ ಸಂದಿಯಲ್ಲಿ ನೋಡಿ "ಹೂಂ" ಅಂದ ಮೇಲೆಯೇ ಅವಳು ಬಾಯಿ ಮುಚ್ಚಬೇಕು. ಮೊದಮೊದಲು ಅವಳ ಕಣ್ಣಲ್ಲಿ ನೀರು ಬರುತ್ತಿತ್ತು. ಆಮೇಲೆ ಬರುವುದು ನಿಂತಿತು. ಹಲ್ಲುಜ್ಜಿದಷ್ಟು ಸಲೀಸಾಗಿ ನುಂಗಿ, ತೆರೆದು, ಎತ್ತಿ ತೋರಿಸಿ ಹೋಗಿಬಿಡುತ್ತಿದ್ದಳು. ಒಮ್ಮೊಮ್ಮೆ ಅವನು ಟಿವಿಯ ಕಡೆ ತಿರುಗಿ ಮರೆತುಬಿಟ್ಟರೆ, ಬಾಯಿ ತೆರೆದುಕೊಂಡು ಅವನ "ಹೂಂ"ಗೆ ಕಾಯುತ್ತ ನಿಂತೇ ಇರುತ್ತಿದ್ದಳು. "ಕುರಿ ಅಲ್ಲರೀ ಅದು, ಬೆಳದ ಹೆಣ್ಣಮಗಳು" ಅಂತ ಹೆಂಡತಿ ಪ್ರಮಿಳಾ ಅಡುಗೆಮನೆಯಿಂದ ಅಂದಳು. ನೀನೇ ಅವಳನ್ನು ಕೆಡಿಸಿದ್ದು ಅಂತ ಅವನು ಅಂದ. ಗುಳಿಗೆ ಹೊಟ್ಟೆಗೆ ಹೋದರೆ ಮಲ ಕಪ್ಪಗಾಗುತ್ತದೆ ಅಂತ ಖಾನಾಪುರದ ಡಾಕ್ಟರ್ ಹೇಳಿದ್ದನ್ನು ಹಿಡಿದುಕೊಂಡು, ಅದನ್ನೂ ನೋಡಿ ಹೇಳು ಅಂತ ಪ್ರಮಿಳಾಳ ಬೆನ್ನು ಹತ್ತಿದ್ದ. ನೋಡಿದಳೋ ಮಗಳನ್ನು ಕೇಳಿದಳೋ, "ಕರ್ರಗ ಐತಿ, ಸಾಕಾತೇನು?" ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು. ಸಾಕಾಗಲಿಲ್ಲ. ಒಂದು ದಿನ ಬಿಟ್ಟು ಒಂದು ದಿನ ನುಂಗಿದರೂ ಕರ್ರಗಾಗಬಹುದಲ್ಲ ಅನ್ನಿಸಿತು. ನಂಬಬಾರದು ಅಂತ ನಿರ್ಧರಿಸಿದವನಿಗೆ ಸಾಕ್ಷಿ ಎಷ್ಟಿದ್ದರೇನು?

ಅದಕ್ಕಿಂತ ಹೊಲಸು ಇನ್ನೊಂದಿತ್ತು. ಅದನ್ನು ಅವನು ಪ್ರಮಿಳಾಳಿಗೂ ಹೇಳಿಲ್ಲ. ಹುಡುಗಿ ಬಚ್ಚಲಲ್ಲಿ ಓಕರಿಸುವುದನ್ನು ಕೇಳಿದ ಓಣಿಯ ಹೆಂಗಸೊಬ್ಬಳು ನೀರಿಗೆ ನಿಂತಾಗ, "ಯಾಕ್ರೀ ಅಣ್ಣಾರ, ಮಗಳು ಬಿಳಚಿಕೊಂಡಾಳ? ತಿಂಗಳ ತಿಂಗಳ ಸರಿ ಆಗತಾಳಿಲ್ಲೋ?" ಅಂದಿದ್ದಳು. ಅವನು ಅವಳನ್ನು ಬಾಯಿಗೆ ಬಂದ ಹಾಗೆ ಬೈದು ಕೊಡ ತುಂಬದೆಯೇ ಒಳಗೆ ಬಂದ. ಆದರೆ ಆ ಮಾತು ಹಿಂದೆಯೇ ಒಳಗೆ ಬಂತು. ಮಗಳು ಕಾಲೇಜಿಗೆ ಹೋಗುವಾಗ ಅವಳ ನಡೆ, ದುಪಟ್ಟಾ, ಫೋನಿನಲ್ಲಿ ಮಾತಾಡುವಾಗಿನ ನಗು, ಎಲ್ಲವನ್ನೂ ಅವನು ಕಳ್ಳನ ಹಾಗೆ ನೋಡಿದ. ಒಂದು ವಾರ ನೋಡಿದ. ಆಮೇಲೆ ತನಗೆ ತಾನೇ ನಾಚಿಕೆಪಟ್ಟು ಬಿಟ್ಟುಬಿಟ್ಟ. ನಾಚಿಕೆಯೇನೋ ಹೋಗಲಿಲ್ಲ. ಈಗಲೂ ಬಸ್ಸಿನಲ್ಲಿ ಮಗಳ ತಲೆ ಕಿಟಕಿಗೆ ಬಡಿಯುತ್ತಿರುವುದನ್ನು ಕಂಡು ತನ್ನ ಭುಜ ಕೊಡಬೇಕು ಅನ್ನಿಸಿದಾಗ, ಆ ವಾರ ನಡುವೆ ಬಂದು ಕೂತುಬಿಟ್ಟಿತು. ಅವನು ಟವೆಲ್ ಮಡಚಿ ಕಿಟಕಿಗೆ ಅಡ್ಡ ಇಟ್ಟ. ಅವಳು ನಿದ್ದೆಯಲ್ಲಿಯೇ ಅದಕ್ಕೆ ಒರಗಿದಳು.

ಬೆಳಗಾವಿಯಲ್ಲಿ ಇಳಿದಾಗ ಡಾಕ್ಟರರ ಹೊತ್ತು ಇನ್ನೂ ಆಗಿರಲಿಲ್ಲ. ಆಟೋ ಮಾಡೋಣ ಅಂದರೆ ತ್ರಿವೇಣಿ ನಡೆಯುತ್ತೇನೆ ಅಂದಳು. ಅವಳಿಗೆ ಇಂಥ ಹಟ. ರವಿವಾರ ಪೇಟೆಯ ಓಣಿಯಲ್ಲಿ ಲಾರಿಗಳಿಂದ ಮೂಟೆ ಇಳಿಯುತ್ತಿದ್ದವು, ಬೆಲ್ಲ ಮತ್ತು ಮೆಣಸಿನಕಾಯಿಯ ಘಾಟು ಒಟ್ಟಿಗೆ ಮೂಗಿಗೆ ಹೊಡೆಯುತ್ತಿತ್ತು. ಹಮಾಲರು "ಬಾಜು, ಬಾಜು" ಅಂತ ಕೂಗುತ್ತ ಬೆನ್ನ ಮೇಲೆ ಮೂಟೆ ಹೊತ್ತು ಓಡುತ್ತಿದ್ದರು. ಅವರ ಮೀನಖಂಡಗಳಲ್ಲಿ ಎದ್ದ ನರಗಳನ್ನು ಲಕ್ಷ್ಮಣ ಹಸಿದವನ ಹಾಗೆ ನೋಡಿದ. ಅರ್ಧ ಓಣಿ ದಾಟುವುದರೊಳಗೆ ತ್ರಿವೇಣಿ ನಿಂತಳು. ಮುಖದ ಮೇಲೆ ಸಣ್ಣ ಬೆವರು, ತುಟಿಗೂ ಗಲ್ಲಕ್ಕೂ ಬಣ್ಣದಲ್ಲಿ ವ್ಯತ್ಯಾಸವಿಲ್ಲ. ಒಂದು ಅಕ್ಕಿ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಒಳಗಿನಿಂದ ಅಂಗಡಿಯವನು, "ಏ ತಂಗಿ, ಗಿರಾಕಿ ಬರೂ ಹೊತ್ತು, ಅಲ್ಲಿ ಕುಂದರಬ್ಯಾಡ" ಅಂದ. "ಆರಾಮ ಇಲ್ರಿ ಆಕಿಗಿ" ಅಂತ ಲಕ್ಷ್ಮಣ ಅಂದದ್ದು ಬೇಡುವವನ ಧ್ವನಿಯಲ್ಲಿ ಹೊರಟಿತು. ಅದು ಅವನಿಗೇ ಅಸಹ್ಯವಾಯಿತು. "ಆರಾಮ ಇಲ್ಲಂದ್ರ ದವಾಖಾನಿಗೆ ಹೋಗ್ರಿ, ಅಂಗಡಿಗ್ಯಾಕ?" ಅನ್ನುತ್ತ ಅಂಗಡಿಯವನು ಫೋನಿಗೆ ತಿರುಗಿದ. ಹಾಗಂದರೂ ಎಬ್ಬಿಸಲು ಬರಲಿಲ್ಲ. ಮೂಟೆಯಿಂದ ಸೋರಿದ ಅಕ್ಕಿ ಮೆಟ್ಟಿಲ ಮೇಲೆ ಚೆಲ್ಲಿತ್ತು. ತ್ರಿವೇಣಿಯ ಬೆರಳು ಒಂದೊಂದೇ ಕಾಳು ಹೆಕ್ಕಿ ಬಾಯಿಗೆ ಹಾಕಿಕೊಳ್ಳುತ್ತಿದ್ದುದನ್ನು ಅವನು ನೋಡಿದ. ಮನೆಯಲ್ಲೂ ಅವಳು ಹೀಗೆ ಹಸಿ ಅಕ್ಕಿ ತಿನ್ನುತ್ತಾಳೆ ಅಂತ ಪ್ರಮಿಳಾ ಬೈಯುತ್ತಿದ್ದಳು. ಉಪ್ಪು ಸಾಲದ ಕುರಿಮರಿ ಹೀಗೆಯೇ ಗೋಡೆ ನೆಕ್ಕುತ್ತದೆ. ಉಗುಳು ಅನ್ನಲು ಬಾಯಿ ತೆರೆದ. ಅನ್ನಲಿಲ್ಲ. ಇವತ್ತು ಅವನಿಗೆ ಏನನ್ನೂ ಉಗುಳಿಸುವ ಹಕ್ಕಿಲ್ಲ ಅನ್ನಿಸಿತು.

"ತ್ರಿವೇಣೀ," ಅಂದ, "ಅವತ್ತ ಡಾಕ್ಟರ್ ಕೇಳಿದ್ರಲ್ಲಾ, ಬ್ಯಾರೆ ಔಷಧ ಏನರ ಅಂತ…"

"ಹೂಂ."

"ನೀ ಯಾಕ ಏನೂ ಅನ್ನಲಿಲ್ಲ?"

ಅವಳು ಅಂಗೈಗೆ ಅಂಟಿದ್ದ ಅಕ್ಕಿಯನ್ನು ಝಾಡಿಸಿದಳು. "ನೀ ಇಲ್ಲ ಅಂದಿದ್ದೆಲ್ಲಪಾ."

ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಚೆನ್ನಾಗಿತ್ತು, ಬೈಯಬಹುದಿತ್ತು. ಅವಳು ಮೊಣಕಾಲ ಮೇಲೆ ಕೈಯೂರಿ ಎದ್ದು ನಡೆಯತೊಡಗಿದಳು. ಅವನು ಹಿಂದೆ ನಡೆದ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತರೆ ಎದುರಿಗೆ ಕ್ಯಾಮೆರಾ ಇಳಿಸಿದ ಆ ಕೋಣೆಯ ಬಾಗಿಲು. ಹೋದ ಸಲ ಅದು ಪೂರ್ತಿ ಮುಚ್ಚಿರಲಿಲ್ಲ. ನೋಡಬಾರದು ಅಂದುಕೊಂಡೇ ಅವನು ಸಂದಿಯಿಂದ ನೋಡಿದ್ದ. ಮಗಳು ಎಡಮಗ್ಗುಲಾಗಿ ಮಲಗಿದ್ದಳು. ಒಬ್ಬ ಸಿಸ್ಟರ್ ಅವಳ ತಲೆಯನ್ನು ಹಿಡಿದಿದ್ದಳು, ಹಲ್ಲಿನ ನಡುವೆ ಬಿಳಿ ಬಳೆಯಂಥದ್ದೇನೋ ಇತ್ತು, ಅದರೊಳಗಿಂದ ಕರಿಯ ಕೊಳವೆ ಇಳಿಯುತ್ತಿತ್ತು. "ನುಂಗವ್ವಾ, ನುಂಗ, ಶಾಣ್ಯಾ ಹುಡಿಗಿ" ಅನ್ನುತ್ತ ಸಿಸ್ಟರ್ ಇನ್ನೊಂದು ಕೈಯಿಂದ ಅವಳ ಬೆನ್ನು ಸವರುತ್ತಿದ್ದಳು. ಲಕ್ಷ್ಮಣ ಎದ್ದು ಹೊರಗೆ ಓಡಿಹೋಗಿ ಚಹಾದ ಗಾಡಿಯ ಹತ್ತಿರ ನಿಂತು, ಚಹಾ ಹೇಳಿ, ಕುಡಿಯದೆ ಚೆಲ್ಲಿ ಬಂದ. ತಾನು ಮಾಡಿದ್ದಕ್ಕೂ ಅವರು ಮಾಡಿದ್ದಕ್ಕೂ ಏನು ವ್ಯತ್ಯಾಸ ಅಂತ ಆಮೇಲೆ ಎಷ್ಟೋ ಸಲ ತನ್ನ ಪರ ವಾದಿಸಿಕೊಂಡಿದ್ದಾನೆ. ಅವರೂ ಬಾಯಿ ತೆರೆಸಿದರು, ಅವರೂ ಗಂಟಲಿಗೆ ಇಳಿಸಿದರು. ಅವರು ಮೊದಲು ಅವಳನ್ನು ಕೇಳಿದರು ಅನ್ನುವುದು ನೆನಪಾದ ಕೂಡಲೇ ವಾದ ಕುಸಿಯುತ್ತಿತ್ತು. ಸಹಿ ಹಾಕಲು ಅವನು ಪೆನ್ನು ಹಿಡಿದಿದ್ದರೂ, ಆ ಡಾಕ್ಟರ್ ತ್ರಿವೇಣಿಯ ಕಡೆಗೇ ತಿರುಗಿ, "ನಿನಗ ಅಡ್ಡಿಯಿಲ್ಲಲ್ಲಾ?" ಅಂತ ಕೇಳಿದ್ದರು.

ಹೆಸರು ಕರೆದರು. ಹೋದ ಸಲ ಕ್ಯಾಮೆರಾ ಇಳಿಸಿ ನೋಡಿದ್ದ ಡಾಕ್ಟರ್ ಮಯೂರಿ ವಯಸ್ಸಿನಲ್ಲಿ ಚಿಕ್ಕವರು. ಹಳೆಯ ಪೇಟೆಯ ಜೈನ ಮನೆತನದವರಂತೆ. ಲಕ್ಷ್ಮಣನಂಥವರ ಜೊತೆ ಅವರ ಭಾಷೆಯಲ್ಲೇ ಮಾತಾಡುತ್ತಿದ್ದರು. "ಬರ್ರಿ, ಕುಂದರ್ರಿ" ಅಂದರು. ಅವನು ಕುರ್ಚಿಯ ತುದಿಯಲ್ಲಿ ಕೂತ.

"ಮೊದಲ ಒಂದು ಮಾತು. ಇದು ಹುಳ ಅಲ್ಲ, ಅಲ್ಸರ್ ಅಲ್ಲ, ಕ್ಯಾನ್ಸರ್ ಅಂತೂ ಅಲ್ಲ. ಅದನ್ನೆಲ್ಲಾ ತಲಿಯೊಳಗಿಂದ ತಗದ ಹಾಕ್ರಿ. ಹೊಟ್ಟಿ ಒಳಗ ತೆಳು ಪದರ ಇರತೈತಲ್ಲಾ, ಅದರ ಬುಡಕ್ಕ ಒಂದು ಗಟ್ಟಿ ಪಟ್ಟಿ ಕಟ್ಟಿಕೋತ ಬಂದೈತಿ. ಅದಕ್ಕ ಮ್ಯಾಲೆ ಗುಳ್ಳಿ ಎದ್ದಂಗ ಕಾಣತೈತಿ. ಅಲ್ಲೆ ಸಣ್ಣಗ ರಕ್ತ ಜಿನುಗತೈತಿ, ಗುಳಿಗ್ಯಾಗಿನ ಕಬ್ಬಿಣಾನೂ ಮೈಗೆ ಹತ್ತೂದಿಲ್ಲ. ಭಾಳ ಅಪರೂಪದ್ದು. ನಾನೂ ಓದಿದ್ದೆ, ಕಣ್ಣಿಲೆ ನೋಡಿದ್ದು ಇದೇ ಮೊದಲು. ಇಂಥಾ ಸಣ್ಣ ವಯಸ್ಸಿನವರಿಗೇ ಬರೂದು ಹೆಚ್ಚು."

"ಯಾಕ ಬರತೈತ್ರಿ?"

"ಯಾಕಂತ ಇನ್ನೂ ಯಾರಿಗೂ ಪಕ್ಕಾ ಗೊತ್ತಿಲ್ರಿ."

ಗೊತ್ತಿಲ್ಲ ಅನ್ನುವ ಮಾತು ಅವನಿಗೆ ಬಾಗಿಲು ತೆರೆದ ಹಾಗೆ ಕಂಡಿತು. ಎದ್ದು ಹೋಗಿಬಿಡಬಹುದು, ಯಾರೂ ಕೇಳುವುದಿಲ್ಲ. ಆದರೆ ಗೊತ್ತಿಲ್ಲ ಅಂದರೆ ತನ್ನ ಔಷಧಿಯಿಂದ ಬಂದಿಲ್ಲ ಅಂತ ಆಗಲಿಲ್ಲವಲ್ಲ. ಈ ಬಾಗಿಲಿನಿಂದ ಹೊರಗೆ ಹೋದರೆ ಸಾಯುವತನಕ ಈ ಕೋಣೆಯಲ್ಲೇ ಇರಬೇಕಾಗುತ್ತದೆ ಅನ್ನಿಸಿತು. ಬಾಯಿ ತೆರೆದಾಗ ಹೊರಬಿದ್ದ ಮಾತು ಅವನು ಬಸ್ಸಿನಲ್ಲಿ ಸಿದ್ಧಮಾಡಿಕೊಂಡದ್ದಾಗಿರಲಿಲ್ಲ. "ನಮ್ಮ ಕಡೆ ಒಬ್ಬಾಂವ ಇದ್ದಾನ್ರಿ, ಕುರಿ ಕಾಯಾಂವ. ಮಗಳಿಗಿ ಕುರಿ ಹುಳದ ಔಷಧ ಕುಡಿಸಿದ್ದಾನ್ರಿ. ಅದರಿಂದ ಇಂಥಾದ್ದು ಆಗತೈತೇನ್ರಿ?" ಅಂದ. ಅಂದು ಮುಗಿಸುವ ಮೊದಲೇ ಕಿವಿ ಬಿಸಿಯಾಯಿತು. ಡಾಕ್ಟರ್ ಅವನನ್ನು ನೋಡಿದರು. ಆಮೇಲೆ ಅವನ ಮೊಣಕಾಲ ಮೇಲೆ ಒಂದನ್ನೊಂದು ಒತ್ತುತ್ತಿದ್ದ ಹೆಬ್ಬೆರಳುಗಳನ್ನು ನೋಡಿದರು.

"ನನಗೇ ರೀ ಮೇಡಮ್ ಕುಡಿಸಿದ್ದು," ತ್ರಿವೇಣಿ ಅಂದಳು. ಪರೀಕ್ಷೆಯ ನಂಬರು ಹೇಳುವ ಹಾಗೆ, ಧ್ವನಿಯಲ್ಲಿ ಏರಿಳಿತವಿಲ್ಲದೆ. "ದೀಪಾವಳಿ ಮುಂದ. ಒಮ್ಮೆ. ಅರ್ಧ ಹೊರಗ ಹೋತ್ರಿ."

ಲಕ್ಷ್ಮಣ ತಲೆ ತಗ್ಗಿಸಿ ಮೇಜಿನ ಗಾಜಿನ ಕೆಳಗಿದ್ದ ಕ್ಯಾಲೆಂಡರು ನೋಡುತ್ತಿದ್ದ. ಪೊಲೀಸರಿಗೆ ಫೋನು ಮಾಡುತ್ತಾರೆ, ಮಾಡಲಿ. ಡಾಕ್ಟರ್ ಹಳೆಯ ರಿಪೋರ್ಟುಗಳನ್ನು ಹಿಂದಕ್ಕೆ ತಿರುವಿ ನೋಡಿದರು. ಮಳೆಗಾಲದ್ದು, ಅದಕ್ಕೂ ಹಿಂದಿನದು. "ದೀಪಾವಳಿಕಿಂತ ಭಾಳ ಮೊದಲೇ ರಕ್ತ ಇಳದೈತಿ. ಈ ಪಟ್ಟಿ ಒಂದ ದಿನಕ್ಕ ಕಟ್ಟೂವಂಥದ್ದಲ್ಲ, ವರ್ಷಗಟ್ಟಲೆ ಬೇಕು. ಇದು ನಿಮ್ಮ ಆ ಔಷಧದಿಂದ ಆಗಿದ್ದಲ್ರಿ. ಇದಕ್ಕ ನೀವು ಕಾರಣ ಅಲ್ಲ," ಅಂದರು. ರಿಪೋರ್ಟುಗಳನ್ನು ಮುಚ್ಚಿಟ್ಟು, "ಆದ್ರ ಅಂಥಾ ಕೆಲಸ ಎಂದೆಂದೂ ಮಾಡಬಾರದಿತ್ತು. ಹೆಚ್ಚು ಕಡಿಮಿ ಆಗಿದ್ರ ಜೀವಕ್ಕ ಬರತಿತ್ತು. ಮತ್ತ ನೀವು ಅವತ್ತ ನನಗ ಸುಳ್ಳ ಹೇಳಿದ್ರಿ, ಅದೂ ತಪ್ಪು," ಅಂದರು. ಅವನ ಕಿವಿ ಮೊದಲ ಮಾತನ್ನು ಹಿಡಿದುಕೊಂಡು ಉಳಿದದ್ದನ್ನು ಕೆಳಗೆ ಬಿಟ್ಟಿತು. ಕಾರಣ ಅಲ್ಲ. ಮೈಯೊಳಗೆ ಎಲ್ಲೋ ಬಿಗಿದ ಹಗ್ಗ ಒಮ್ಮೆಲೇ ಸಡಿಲಾಗಿ ಅವನಿಗೆ ನಗು ಬರುವಂತಾಯಿತು. ಅಳು ಅಂತ ಆಮೇಲೆ ಗೊತ್ತಾಯಿತು.

"ಹಂಗಾದ್ರ ಗುಳಿಗಿ…"

"ಗುಳಿಗಿ ಆಕಿ ದಿನಾ ನುಂಗ್ಯಾಳ್ರಿ. ಇನ್ನೂ ಒಂದು ವರ್ಷ ನುಂಗಿದ್ರೂ ಏರತಿರಲಿಲ್ಲ. ಇನ್ನ ಮ್ಯಾಲೆ ಕಬ್ಬಿಣಾ ಸಲೈನದಾಗ ಹಾಕೂಣು, ನೇರ ರಕ್ತಕ್ಕ. ಇವತ್ತೇ ಶುರು ಮಾಡೂಣು. ಬ್ಯಾನಿ ಪೂರಾ ಹೋಗತೈತಿ ಅಂತ ನಾ ಹೇಳೂದಿಲ್ಲ, ಆಗಾಗ ಬರಬೇಕಾಗತೈತಿ. ಆದ್ರ ಹುಡಿಗಿ ಆರಾಮ ಓದತಾಳ, ಆರಾಮ ಇರತಾಳ." ಆಮೇಲೆ ತ್ರಿವೇಣಿಯ ಕಡೆ ತಿರುಗಿ, "ಅಡ್ಡಿಯಿಲ್ಲಲ್ಲಾ?" ಅಂದರು. ತ್ರಿವೇಣಿ ಇಲ್ಲ ಅಂತ ತಲೆಯಾಡಿಸಿದಳು.

ಅವಳನ್ನು ವಾರ್ಡಿಗೆ ಕರೆದುಕೊಂಡು ಹೋದ ಮೇಲೆ ಲಕ್ಷ್ಮಣ ಮೆಟ್ಟಿಲ ಹತ್ತಿರ ನಿಂತು ಪ್ರಮಿಳಾಳಿಗೆ ಫೋನು ಮಾಡಿದ. ಎದುರಿಗೆ ಹೋಗುತ್ತಿದ್ದ ವಾರ್ಡ್‌ಬಾಯ್, ಹಣ್ಣಿನ ಚೀಲ ಹಿಡಿದ ಮುದುಕ, ಎಲ್ಲರೂ ಅವನಿಗೆ ಇದ್ದಕ್ಕಿದ್ದ ಹಾಗೆ ಒಳ್ಳೆಯವರಾಗಿ ಕಂಡರು, ಯಾರ ಕೆಳರೆಪ್ಪೆಯನ್ನೂ ಅವನು ನೋಡಲಿಲ್ಲ. ಗಜಾನನನಿಗೆ ನಾಳೆ ಏನು ಹೇಳಬೇಕು ಅನ್ನುವುದೂ ಹೊಳೆಯಿತು. ಬುಟ್ಟಿ ಪುಡಿ ಬೇಡಪಾ, ನನ್ನ ಮಗಳಿಗೆ ಕಬ್ಬಿಣ ಬಾಟಲಿಯಲ್ಲಿ ಬರುತ್ತದೆ ಅನ್ನಬೇಕು. ಅಣ್ಣನಿಗೂ ಹೇಳಬೇಕು, ಪಾಪ, ಅವನೂ ಒಳಗೊಳಗೇ ಹೆದರಿದ್ದಾನು. "ಪ್ರಮಿಳಾ, ಅಂಥಾದ್ದೇನಿಲ್ಲಂತ. ಕ್ಯಾನ್ಸರ್ ಅಲ್ಲಂತ. ಆ ಔಷಧದಿಂದ ಆಗಿದ್ದಲ್ಲಂತ, ಡಾಕ್ಟರ್ ಕಾಗದಾ ತಿರುವಿ ನೋಡಿ ಹೇಳಿದ್ರು. ಅದಕ್ಕ ಮೊದಲೇ ಇತ್ತಂತ. ನಂದ ಏನೂ ತಪ್ಪಿಲ್ಲಂತ," ಅಂತ ಒಂದೇ ಉಸಿರಿಗೆ ಅಂದ. ಆ ಕಡೆ ಪ್ರಮಿಳಾ ಅಳುತ್ತಿದ್ದಳು. ದೇವರಿಗೆ ಹರಕೆಯ ಮಾತಾಡಿದಳು. ಆಮೇಲೆ, "ಗುಳಿಗಿ ನುಂಗತಿದ್ಲಂತಿಲ್ಲೋ?" ಅಂತ ಕೇಳಿದಳು.

"ಹೂಂ. ನುಂಗತಿದ್ಲಂತ."

"ನಿಮ್ಮ ತಪ್ಪಿಲ್ಲ ಅಂಬೂದು ನನಗ್ಯಾಕ ಹೇಳತೀರಿ? ಆಕಿಗಿ ಹೇಳ್ರಿ," ಅಂದು ಫೋನಿಟ್ಟಳು.

ಹೇಳಬೇಕು ಅಂತಲೇ ಅವನು ವಾರ್ಡಿಗೆ ಬಂದ. ಏನು ಹೇಳಬೇಕು ಅನ್ನುವುದು ಬಾಗಿಲತನಕ ಸ್ಪಷ್ಟವಾಗಿತ್ತು. ಕಿಟಕಿಯ ಪಕ್ಕದ ಮಂಚದಲ್ಲಿ ತ್ರಿವೇಣಿ ದಿಂಬಿಗೆ ಒರಗಿ ಕೂತಿದ್ದಳು. ತಲೆಯ ಮೇಲೆ ತೂಗುತ್ತಿದ್ದ ಬಾಟಲಿಯ ನೀರು ತುಕ್ಕಿನ ಬಣ್ಣಕ್ಕಿತ್ತು, ಸಂಜೆ ಫೌಂಡ್ರಿಯಲ್ಲಿ ಅವನು ಕೈ ತೊಳೆದ ಬಕೆಟ್ಟಿನ ನೀರಿನ ಹಾಗೆ. ಇದೇ ಇರಬೇಕು, ಇಷ್ಟೇ ಬೇಕಾಗಿತ್ತು ಅಂದುಕೊಂಡ. ಸಿಸ್ಟರ್ ಅವಳ ಕೈಗೆ ಸೂಜಿ ಚುಚ್ಚಿ ಪಟ್ಟಿ ಅಂಟಿಸಿ ಮುಗಿಸಿದ್ದಳು. ಹೋದ ಸಲ ಬೆನ್ನು ಸವರಿದವಳೇ. "ಬರ್ರಿ ಅಣ್ಣಾರ, ಮಗಳು ಭಾಳ ಗಟ್ಟಿ ನೋಡ್ರಿ, ಹಾಂ ಅನ್ನಲಿಲ್ಲ, ಹೂಂ ಅನ್ನಲಿಲ್ಲ" ಅಂದಳು. ಲಕ್ಷ್ಮಣ ಮಂಚದ ಬದಿಯಲ್ಲಿ ನಿಂತ. ಅವಳು ಅವನನ್ನು ನೋಡಿ ನಕ್ಕಳು. ಎಷ್ಟೋ ತಿಂಗಳ ಮೇಲೆ ಬಂದ ನಗು, ದಣಿದದ್ದು, ಆದರೂ ನಗು. ಅವನ ಎದೆ ತುಂಬಿ ಬಂತು. ಎಲ್ಲವೂ ಸರಿಹೋಗುತ್ತದೆ, ಹೇಳಬೇಕಾದ್ದನ್ನು ಹೇಳದಿದ್ದರೂ ಇವಳಿಗೆ ತಿಳಿದಿದೆ ಅಂತ ಅವನಿಗೆ ಅನ್ನಿಸಿದ್ದು ಆ ಗಳಿಗೆಯಲ್ಲಿ.

"ಚಳಿ ಬರಬಾರದು ಅಂತ ಇದೊಂದು ಗುಳಿಗಿ ತಗೋ ಅವ್ವಾ," ಅಂತ ಸಿಸ್ಟರ್ ಒಂದು ಬಿಳಿ ಮಾತ್ರೆಯನ್ನೂ ನೀರಿನ ಲೋಟವನ್ನೂ ಕೊಟ್ಟು ಹನಿ ಸರಿಮಾಡುವ ನಳಿಯ ಚಕ್ರ ತಿರುವಲು ಆ ಕಡೆ ತಿರುಗಿದಳು. ತ್ರಿವೇಣಿ ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು, ನೀರು ಕುಡಿದು, ನುಂಗಿದಳು. ಲೋಟವನ್ನು ಕೆಳಗಿಟ್ಟಳು. ಆಮೇಲೆ ತಂದೆಯ ಕಡೆ ಮುಖ ತಿರುಗಿಸಿ, ಕಿಟಕಿಯ ಬೆಳಕು ಒಳಗೆ ಬೀಳುವ ಹಾಗೆ ಗದ್ದವನ್ನು ತುಸು ಎತ್ತಿ, ಬಾಯಿ ಅಗಲವಾಗಿ ತೆರೆದಳು. ನಾಲಿಗೆ ಎತ್ತಿದಳು. ಅವಳ ಕಣ್ಣು ಎಲ್ಲೋ ಹೊರಗೆ, ಗುಲಮೊಹರಿನ ಕೊಂಬೆಯ ಮೇಲಿತ್ತು. ತಾನು ಏನು ಮಾಡುತ್ತಿದ್ದೇನೆ ಅನ್ನುವುದು ಅವಳಿಗೇ ತಿಳಿದಿರಲಿಲ್ಲ.

"ಯಾಕವ್ವಾ?" ಸಿಸ್ಟರ್ ತಿರುಗಿ ನೋಡಿದಳು. "ಗಂಟಲದಾಗ ಸಿಕ್ಕೊಂಡೈತೇನು?"

ತ್ರಿವೇಣಿ ಅಲುಗಲಿಲ್ಲ. ನಾಲಿಗೆಯ ಕೆಳಗೆ ಬಿಳಿಚಿದ ಮಾಂಸ, ನೀಲಿಯ ಎರಡು ಸಣ್ಣ ನರ, ಬೇರೆ ಏನೂ ಇರಲಿಲ್ಲ. ಲಕ್ಷ್ಮಣ ಎಲ್ಲವನ್ನೂ ನೋಡಿದ. ಒಂದೇ ಒಂದು "ಹೂಂ" ಅಂದರೆ ಅವಳು ಮುಚ್ಚುತ್ತಾಳೆ ಅಂತ ಅವನಿಗೆ ಗೊತ್ತಿತ್ತು. ಅದು ಅವನ ಗಂಟಲಿನಿಂದ ಮೇಲೆ ಬರಲಿಲ್ಲ. ಮುಚ್ಚವ್ವಾ ಅನ್ನಲು ಹೋದ, ಅದೂ ಬರಲಿಲ್ಲ. ಸಿಸ್ಟರ್ ಅವನ ಮುಖ ನೋಡಿದಳು, ಹುಡುಗಿಯ ಮುಖ ನೋಡಿದಳು, ಕೈಯಲ್ಲಿದ್ದ ಚಕ್ರ ಬಿಟ್ಟಳು. ತ್ರಿವೇಣಿ ಬಾಯಿ ತೆರೆದುಕೊಂಡು ಕಾಯುತ್ತಲೇ ಇದ್ದಳು.